ಬ್ಯಾಟ್ ಕೊಡುವ ಮೊದಲು ಯಾರ ಆಟ ನೋಡ್ತಿ ಎಂದು ಕೇಳುವ ಅಂಗಡಿ

ಮಂಗಳೂರಿನ ಹಂಪನಕಟ್ಟೆಯಿಂದ ಐದು ನಿಮಿಷ ನಡೆದರೆ ಒಂದು ಹಳೆಯ ಕ್ರೀಡಾ ಸಾಮಗ್ರಿ ಅಂಗಡಿ ಸಿಗುತ್ತದೆ. ಹೆಸರು ಹಾಕುವುದಿಲ್ಲ, ಮಾಲೀಕರೇ ಬೇಡ ಎಂದರು. "ಒಟ್ಟಿಗೆ ಹತ್ತು ಜನ ಬಂದ್ರೆ ಒಬ್ಬೊಬ್ಬರ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಎಂಬುದು ಅವರ ಕಾರಣ. ಬೇಕಾದವರು ನೆಹರೂ ಮೈದಾನಕ್ಕೆ ಅಭ್ಯಾಸಕ್ಕೆ ಬರುವ ಮಕ್ಕಳನ್ನು ಕೇಳಿ, ದಾರಿ ತೋರಿಸುತ್ತಾರೆ. ಮೂರು ಸಲ ಹೋಗಿ ಬಂದ ಮೇಲೆ ಬರೆಯುತ್ತಿದ್ದೇನೆ. ಜೂನ್ 12ಕ್ಕೆ ಇಂಗ್ಲೆಂಡಿನಲ್ಲಿ ಮಹಿಳೆಯರ ಟಿ20 ವಿಶ್ವಕಪ್ ಶುರುವಾಗುತ್ತದೆ. ಶುರುವಾದ ಎರಡೇ ದಿನಕ್ಕೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬ್ಯಾಟ್ ಬೇಕು ಎಂದು ಹಠ ಹಿಡಿಯುತ್ತಾರೆ, ನೋಡಿ ಬೇಕಾದರೆ. ನನ್ನ ಮಗಳು ಹಿಡಿದದ್ದು ಕಳೆದ ನವೆಂಬರ್‌ನಲ್ಲಿ.

ನವೆಂಬರ್ 2ರ ಆ ರಾತ್ರಿ ನಿಮಗೂ ನೆನಪಿರಬೇಕು ಅಲ್ವಾ. ನವಿ ಮುಂಬೈಯ ಡಿ.ವೈ. ಪಾಟೀಲ್ ಮೈದಾನ. ಮಳೆಯಿಂದ ತಡವಾಗಿ ಶುರುವಾದ ಏಕದಿನ ವಿಶ್ವಕಪ್ ಫೈನಲ್. ನಮ್ಮವರು 298, ದಕ್ಷಿಣ ಆಫ್ರಿಕಾ 246ಕ್ಕೆ ಆಲ್‌ಔಟ್. ದೀಪ್ತಿ ಶರ್ಮಾ ಎಸೆತವನ್ನು ನಾಡಿನ್ ಡಿ ಕ್ಲರ್ಕ್ ಎತ್ತಿ ಹೊಡೆದು, ನಾಯಕಿ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಾರಿ ಹಿಡಿದಾಗ ನಮ್ಮ ಮನೆಯಲ್ಲಿ ಒಂಬತ್ತು ಗಂಟೆಗೆ ಮಲಗುವ ಅತ್ತೆ ಕೂಡ ಎದ್ದು ನಿಂತಿದ್ದರು. ಬಿಜೈ ಕಡೆಯಿಂದ ಪಟಾಕಿ ಸದ್ದು ಕೇಳಿತು. ಮರುದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ಮಗಳು ಹೇಳಿದ್ದು ಒಂದೇ ಮಾತು: "ಅಮ್ಮ, ನಂಗೆ ಲೆದರ್ ಬಾಲ್‌ನಲ್ಲಿ ಆಡ್ಬೇಕು." ಅವಳಿಗೆ 13 ವರ್ಷ. ಅಲ್ಲಿವರೆಗೆ ಅಜ್ಜಿಮನೆಯ ಅಂಗಳದಲ್ಲಿ, ಕೊಯ್ಲಾದ ಮೇಲೆ ಗದ್ದೆಯಲ್ಲಿ, ಅಣ್ಣಂದಿರ ಜೊತೆ ಟೆನ್ನಿಸ್ ಬಾಲ್ ಆಡಿದ್ದಷ್ಟೇ.

ಮೊದಲ ಬ್ಯಾಟ್ ಈ ಅಂಗಡಿಯಲ್ಲಿ ತೆಗೆದುಕೊಂಡದ್ದಲ್ಲ. ಬೇರೆ ಒಂದು ಕಡೆ ಹೋಗಿದ್ದೆವು. ಅಲ್ಲಿಯವರು ಮಗಳನ್ನು ಸರಿಯಾಗಿ ನೋಡಲೂ ಇಲ್ಲ. "ಬೆಳೆಯುವ ಮಕ್ಕಳು, ದೊಡ್ಡದೇ ತೆಗೊಳ್ಳಿ, ನಾಲ್ಕು ವರ್ಷ ಬರ್ತದೆ" ಎಂದು ದೊಡ್ಡವರ ಸೈಜಿನ ಬ್ಯಾಟ್ ಕೊಟ್ಟರು. ಯೂನಿಫಾರ್ಮ್, ಚಪ್ಪಲಿ ಎಲ್ಲ ಹಾಗೇ ತೆಗೆದುಕೊಂಡು ಬೆಳೆದವಳು ನಾನು, ನನಗೂ ಸರಿ ಅನ್ನಿಸಿತು. ಒಂದು ಕಿಲೋ ಇನ್ನೂರು ಗ್ರಾಂ ಚಿಲ್ಲರೆ ತೂಕ. ಐದಡಿ ಹುಡುಗಿ ಅದನ್ನು ಹಿಡಿದು ನಿಂತರೆ ಹಿಡಿಕೆ ಹೊಟ್ಟೆಗೆ ತಾಗುತ್ತಿತ್ತು. ಬ್ಯಾಟ್ ಎತ್ತುವಷ್ಟರಲ್ಲಿ ಬಾಲ್ ಕೀಪರ್ ಕೈ ಸೇರಿರುತ್ತಿತ್ತು. ಭಾರ ತಡೆಯಲು ಕೆಳಗಿನ ಕೈಯಿಂದಲೇ ಎತ್ತಿ ಎತ್ತಿ ಎಲ್ಲ ಹೊಡೆತವೂ ಲೆಗ್ ಸೈಡಿಗೇ. ಎರಡು ತಿಂಗಳಲ್ಲಿ ಭುಜ ನೋವು. ಅಷ್ಟರಲ್ಲಿ ಬ್ಯಾಟಿನ ತುದಿ ಕೂಡ ಸೀಳು ಬಿಟ್ಟಿತು, ಯಾಕೆಂದರೆ ಹೊಸ ಬ್ಯಾಟನ್ನು ಹದ ಮಾಡಿಕೊಂಡೇ ಆಡಬೇಕು ಎಂದು ಯಾರೂ ನಮಗೆ ಹೇಳಿರಲಿಲ್ಲ. ಒಂದು ಸಂಜೆ ಮಗಳು "ನಂಗೆ ಬ್ಯಾಟಿಂಗ್ ಬರುದಿಲ್ಲ ಅಮ್ಮ, ಬೌಲಿಂಗ್ ಮಾತ್ರ ಮಾಡ್ತೇನೆ" ಎಂದಳು. ಅದು ಕೇಳಿ ನನಗೆ ತುಂಬಾ ಬೇಜಾರಾಯಿತು. ತಪ್ಪು ಅವಳದ್ದಲ್ಲವಲ್ಲ.

ಆ ಸೀಳಿದ ಬ್ಯಾಟ್ ರಿಪೇರಿಗೆಂದು ಈ ಅಂಗಡಿಗೆ ಹೋದದ್ದು.

ಅಂಗಡಿ ಉದ್ದಕ್ಕೆ, ಅಗಲ ಕಡಿಮೆ. ಒಳಗೆ ಹೋಗುವಾಗ ಎರಡೂ ಕಡೆ ಟ್ರೋಫಿಗಳು ಭುಜಕ್ಕೆ ತಾಗುತ್ತವೆ. ನಮ್ಮ ಕಡೆ ಮಳೆ ನಿಂತ ಮೇಲೆ ಮೇ ತಿಂಗಳವರೆಗೂ ಎಲ್ಲಿ ನೋಡಿದರೂ ಹೊನಲು ಬೆಳಕಿನ ಅಂಡರ್ ಆರ್ಮ್ ಪಂದ್ಯಾಟ, ಅದರ ಟ್ರೋಫಿಗಳೇ ಇವರ ಮುಖ್ಯ ವ್ಯಾಪಾರ. ಹಿಂದೆ ಗೋಡೆಗೆ ಬ್ಯಾಟುಗಳು, ಮೂಲೆಯಲ್ಲಿ ಒಂದು ಮರದ ಕುಟ್ಟಿ, ಅದರ ಮೇಲೆ ಸುತ್ತಿಗೆ, ಅಂಟು, ದಾರದ ಉಂಡೆ, ಅಗಸೆ ಎಣ್ಣೆಯ ಬಾಟಲಿ. ಮಾಲೀಕರಿಗೆ ಅರವತ್ತು ದಾಟಿದೆ. ಸೀಳಿದ ಬ್ಯಾಟನ್ನು ನೋಡಿದರು, ಮಗಳನ್ನು ನೋಡಿದರು, ಬ್ಯಾಟನ್ನು ಬದಿಗಿಟ್ಟರು.

"ಇದು ಮತ್ತೆ ನೋಡುವ. ನೀನು ಹೇಳು ಮಗಾ, ಯಾರ ಆಟ ನೋಡುದು ನೀನು?"

ಮಗಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ "ಜೆಮಿಮಾ" ಎಂದಳು.

ಅಲ್ಲಿಂದ ಮುಕ್ಕಾಲು ಗಂಟೆ ಅವರು ಒಂದು ರೂಪಾಯಿಯ ವ್ಯಾಪಾರ ಮಾಡಲಿಲ್ಲ. ಬರೀ ಆಟಗಾರ್ತಿಯರ ಮಾತು. ಆದರೆ ಅದು ಸುಮ್ನೆ ಹರಟೆ ಅಲ್ಲ ಎಂದು ನನಗೆ ಗೊತ್ತಾದದ್ದು ಕೊನೆಗೆ. ಯಾರು ಹೇಗೆ ಆಡುತ್ತಾರೆ, ಅದಕ್ಕೆ ಬ್ಯಾಟ್ ಹೇಗಿರಬೇಕು ಎಂಬುದನ್ನು ಹೇಳುತ್ತಾ ಹೇಳುತ್ತಾ ಅವರು ನನ್ನ ಮಗಳಿಗೆ ಯಾವುದು ಆಗುತ್ತದೆ ಎಂದು ಹುಡುಕುತ್ತಿದ್ದರು.

ಜೆಮಿಮಾ ರಾಡ್ರಿಗಸ್ ಎಂದರೆ ನಮ್ಮೂರಲ್ಲಿ ಸ್ವಲ್ಪ ಜಾಸ್ತಿಯೇ ಅಕ್ಕರೆ. ಹುಟ್ಟಿ ಬೆಳೆದದ್ದು ಮುಂಬೈಯ ಭಾಂಡುಪ್‌ನಲ್ಲಿ, ಆದರೆ ಮನೆತನ ಮಂಗಳೂರು ಕ್ರೈಸ್ತರದ್ದು. ಮುಂಬೈಗೆ ಹೋದ ಚಿಕ್ಕಪ್ಪ ದೊಡ್ಡಪ್ಪ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಹಾಗಾಗಿ ಅವಳನ್ನು ನಮ್ಮ ಹುಡುಗಿ ಅಂದುಕೊಳ್ಳಲು ಯಾರಿಗೂ ಕಷ್ಟವಿಲ್ಲ. ಕಳೆದ ಅಕ್ಟೋಬರ್ 30ರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೊಟ್ಟ 339 ರನ್ ಗುರಿ. ಮಹಿಳೆಯರ ಏಕದಿನದಲ್ಲಿ ಅಷ್ಟು ದೊಡ್ಡ ಗುರಿಯನ್ನು ಅದಕ್ಕೆ ಮೊದಲು ಯಾರೂ ಮುಟ್ಟಿರಲಿಲ್ಲ. ಅದೇ ಟೂರ್ನಿಯ ಮಧ್ಯೆ ಇಂಗ್ಲೆಂಡ್ ಪಂದ್ಯಕ್ಕೆ ಅವಳನ್ನು ತಂಡದಿಂದ ಹೊರಗಿಟ್ಟಿದ್ದರು. ಸೆಮಿಫೈನಲ್‌ನಲ್ಲಿ ಮೂರನೇ ಕ್ರಮಾಂಕಕ್ಕೆ ಹೋಗಬೇಕು ಎಂದು ಗೊತ್ತಾದದ್ದೇ ಪ್ಯಾಡ್ ಕಟ್ಟುವ ಹೊತ್ತಿಗೆ. 134 ಎಸೆತದಲ್ಲಿ 127, ಔಟಾಗದೆ. ಹರ್ಮನ್‌ಪ್ರೀತ್ 89 ಹೊಡೆದು ಜೊತೆ ನಿಂತರು. ಗೆದ್ದ ಮೇಲೆ ಅವಳು ಅತ್ತದ್ದನ್ನು, ದಿನಾ ಎಷ್ಟು ಆತಂಕದಲ್ಲಿದ್ದೆ ಎಂದು ಮುಚ್ಚಿಡದೆ ಹೇಳಿದ್ದನ್ನು ನನ್ನ ಮಗಳು ಟಿವಿಯ ಎದುರು ನೆಲದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದ್ದಳು.

ಅಂಗಡಿಯವರು ಹೇಳಿದ್ದು ಬೇರೆ ವಿಷಯ. "ಅವಳ ಕೈ ನೋಡು ಮಗಾ. ಹಾಕಿ ಆಡಿದ ಕೈ ಅದು." ನಿಜ, ಜೆಮಿಮಾ ಚಿಕ್ಕವಳಿದ್ದಾಗ ಮಹಾರಾಷ್ಟ್ರದ ಕಿರಿಯರ ಹಾಕಿ ತಂಡದಲ್ಲೂ ಆಡಿದವಳು. ಮಣಿಕಟ್ಟು ತಿರುಗಿಸಿ ಬಾಲನ್ನು ಫೀಲ್ಡರ್‌ಗಳ ನಡುವೆ ತಳ್ಳುವುದು, ಮೊಣಕಾಲೂರಿ ಸ್ವೀಪ್, ಕೀಪರ್ ತಲೆ ಮೇಲಿಂದ ಸ್ಕೂಪ್, ಒಂದು ರನ್ ಇದ್ದಲ್ಲಿ ಎರಡು ಓಡುವುದು. 2023ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಮೇಲೆ 38 ಎಸೆತಕ್ಕೆ 53 ಹೊಡೆದು ಗೆಲ್ಲಿಸಿದ್ದೂ ಹೀಗೆ ಸಂದು ಹುಡುಕಿಯೇ. ಇಂಥ ಆಟಕ್ಕೆ ಭಾರದ ಬ್ಯಾಟ್ ಶತ್ರು, ಮಣಿಕಟ್ಟು ಕೊನೆ ಗಳಿಗೆಯಲ್ಲಿ ತಿರುಗಬೇಕಾದರೆ ಬ್ಯಾಟ್ ಕೈಗೆ ಹಗುರ ಅನ್ನಿಸಲೇಬೇಕು. ಇಷ್ಟು ಹೇಳಿ ಅವರು ನಮ್ಮ ಹಳೆಯ ಬ್ಯಾಟನ್ನು ತಕ್ಕಡಿಯ ಮೇಲಿಟ್ಟರು. 1,210 ಗ್ರಾಂ. ಮಗಳಿಗೆ ತೋರಿಸಿದರು, ಬೈಯಲಿಲ್ಲ, ಯಾರು ಕೊಟ್ಟರು ಎಂದೂ ಕೇಳಲಿಲ್ಲ.

ಜೂನ್‌ನಲ್ಲಿ ನಾನು ಎಲ್ಲರಿಗಿಂತ ಜಾಸ್ತಿ ಕಾಯುವುದು ಜೆಮಿಮಾಗೇ. ಆದರೆ ಬ್ಯಾಟಿನ ಮಾತು ಬಂದರೆ ಸ್ಮೃತಿ ಮಂಧಾನಾಳನ್ನು ಬಿಡುವ ಹಾಗಿಲ್ಲ. ರಾಹುಲ್ ಡ್ರಾವಿಡ್ ಕೈಯಿಂದ ಅವಳ ಅಣ್ಣ ತಂಗಿಗೆಂದು ಒಂದು ಬ್ಯಾಟ್ ಪಡೆದುಕೊಂಡು ಬಂದಿದ್ದ. ಆ ಬ್ಯಾಟ್ ಹಿಡಿದು 2013ರಲ್ಲಿ ವಡೋದರಾದಲ್ಲಿ 19 ವರ್ಷದೊಳಗಿನವರ ಪಂದ್ಯದಲ್ಲಿ ಗುಜರಾತ್ ಮೇಲೆ 150 ಎಸೆತಕ್ಕೆ 224 ಹೊಡೆದಳು, ಔಟಾಗದೆ. ಆಗ ಅವಳಿಗೆ 17 ವರ್ಷ. ಈ ಕಥೆ ಅಂಗಡಿಯವರ ಬಾಯಲ್ಲಿ ಕೇಳಬೇಕು, ಡ್ರಾವಿಡ್ ಹೆಸರು ಬಂದಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸ್ಮೃತಿ ಬಾಲನ್ನು ಬಡಿಯುವುದಿಲ್ಲ, ಬಾಲ್ ಬರುವವರೆಗೆ ಕಾಯುತ್ತಾಳೆ. ಕಳೆದ ವರ್ಷ ಜೂನ್ 28ಕ್ಕೆ ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್‌ನಲ್ಲಿ ಇಂಗ್ಲೆಂಡ್ ವಿರುದ್ಧ 62 ಎಸೆತಕ್ಕೆ 112 ಹೊಡೆದದ್ದು ನೋಡಿದವರಿಗೆ ಇದು ಗೊತ್ತಿರುತ್ತದೆ. ಟೆಸ್ಟ್, ಏಕದಿನ, ಟಿ20 ಮೂರರಲ್ಲೂ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ ಆದದ್ದು ಅವತ್ತು. ಆ ಸರಣಿಯನ್ನು ನಾವು ಅವರ ಊರಲ್ಲೇ 3-2ರಿಂದ ಗೆದ್ದೆವು. ಅದೇ ದೇಶದಲ್ಲಿ, ಅದೇ ಜೂನ್ ಹವೆಯಲ್ಲಿ ಈಗ ವಿಶ್ವಕಪ್. ನನಗೆ ಆಸೆ ಜಾಸ್ತಿ ಇರುವುದು ಅದಕ್ಕೇ.

ಶಫಾಲಿ ವರ್ಮಾ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ, "ಅವಳನ್ನು ನೋಡಿ ಖುಷಿಪಡು, ಈಗಲೇ ಹಾಗೆ ಆಡ್ಲಿಕ್ಕೆ ಹೋಗ್ಬೇಡ" ಎಂದರು. ನನಗೆ ಮಾತ್ರ ಶಫಾಲಿ ಎಂದರೆ ಕರುಳು ಚುರ್ ಅನ್ನುತ್ತದೆ. 2020ರ ಮಾರ್ಚ್ 8, ಮೆಲ್ಬರ್ನ್‌ನ ಟಿ20 ವಿಶ್ವಕಪ್ ಫೈನಲ್, 86 ಸಾವಿರ ಜನರ ಎದುರು 16 ವರ್ಷದ ಹುಡುಗಿ 2 ರನ್‌ಗೆ ಔಟ್. ಕಣ್ಣೀರು ಸುರಿಸಿಕೊಂಡು ನಿಂತಿದ್ದಳು. ಐದು ವರ್ಷ ಕಳೆದು ನವೆಂಬರ್‌ನ ಏಕದಿನ ಫೈನಲ್‌ಗೆ ಬಂದದ್ದು ಗಾಯಾಳು ಪ್ರತೀಕಾ ರಾವಲ್ ಜಾಗಕ್ಕೆ. ಹೊಡೆದದ್ದು 87, ತೆಗೆದದ್ದು 2 ವಿಕೆಟ್, ಪಂದ್ಯದ ಆಟಗಾರ್ತಿ ಅವಳೇ. ಭಾರತದ ಹೆಂಗಸರು ಟಿ20 ವಿಶ್ವಕಪ್ ಇನ್ನೂ ಗೆದ್ದಿಲ್ಲ. ಆ ಕಪ್ ಅವಳ ಕೈಯಲ್ಲಿ ನೋಡಬೇಕು ಅಂತ ನನಗೆ ಬಹಳ ಆಸೆ.

ಇದರ ಮಧ್ಯೆ ಇನ್ನೊಬ್ಬ ಹುಡುಗಿ ಅಂಗಡಿಗೆ ಬಂದಳು, ಹದಿನಾರು ಹದಿನೇಳು ಇರಬಹುದು, ಗಟ್ಟಿ ಆಳು. ಅವಳಿಗೆ ರಿಚಾ ಘೋಷ್ ಹಾಗೆ ಹೊಡೆಯಬೇಕಂತೆ. ಅವಳಿಗೆ ಅವರು ತೆಗೆದುಕೊಟ್ಟ ಬ್ಯಾಟೇ ಬೇರೆ, ತೂಕ ಸ್ವಲ್ಪ ಜಾಸ್ತಿ, ಬ್ಯಾಟಿನ ಹಿಂಬದಿಯ ಉಬ್ಬು ಕೆಳಗಡೆ. ರಿಚಾ ಕೊನೆಯ ಓವರ್‌ಗಳಲ್ಲಿ ಬರುವವಳು, ಅಲ್ಲಿ ಕಾಲಬುಡಕ್ಕೆ ಬೀಳುವ ಯಾರ್ಕರ್ ಜಾಸ್ತಿ, ಬಾಲ್ ಬ್ಯಾಟಿನ ಕೆಳಭಾಗಕ್ಕೇ ಸಿಗುವುದು. 2024ರ ಡಿಸೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ 18 ಎಸೆತಕ್ಕೆ 50 ಹೊಡೆದಿದ್ದಳು. ನವೆಂಬರ್ ಫೈನಲ್‌ನಲ್ಲಿ 24 ಎಸೆತಕ್ಕೆ 34. ಎಣಿಸಿದರೆ ದೊಡ್ಡದಲ್ಲ, ಆದರೆ ಆ 34 ಇಲ್ಲದಿದ್ದರೆ 298 ಆಗುತ್ತಿರಲಿಲ್ಲ. ಒಂದೇ ಅಂಗಡಿಯಲ್ಲಿ ಹತ್ತು ನಿಮಿಷದ ಅಂತರದಲ್ಲಿ ಇಬ್ಬರು ಹುಡುಗಿಯರಿಗೆ ಎರಡು ಬಗೆಯ ಬ್ಯಾಟ್, ಇಬ್ಬರಿಗೂ ಕಾರಣ ಹೇಳಿ ಕೊಟ್ಟದ್ದು. ಮೊದಲು ಹೋದ ಕಡೆ ನಮಗೆ ಸಿಗದೆ ಹೋದದ್ದು ಇದೇ.

ಬೌಲಿಂಗ್ ಬಗ್ಗೆ ಒಂದು ವಿಷಯ ನನಗೆ ಇಲ್ಲಿ ಹೊಸದಾಗಿ ಗೊತ್ತಾಯಿತು. ಹೆಂಗಸರ ಕ್ರಿಕೆಟ್ ಬಾಲ್ ಗಂಡಸರದ್ದಕ್ಕಿಂತ ಚಿಕ್ಕದು, ಹಗುರ. 140ರಿಂದ 151 ಗ್ರಾಂ ಒಳಗೆ ಇರಬೇಕು. ಗಂಡಸರದ್ದು 156ರಿಂದ 163ರ ಹತ್ತಿರ. ಇದು ಮಗಳ ಕೋಚಿಂಗ್‌ನಲ್ಲಿ ಕೂಡ ಯಾರೂ ಹೇಳಿರಲಿಲ್ಲ, ಎಲ್ಲರೂ ಹುಡುಗರ ಬಾಲ್‌ನಲ್ಲೇ ಹಾಕುವುದು. ಅಂಗಡಿಯವರು ಎರಡೂ ಬಾಲನ್ನು ಮಗಳ ಎರಡು ಅಂಗೈಯಲ್ಲಿಟ್ಟು ಬೆರಳು ಮಡಚಲು ಹೇಳಿದರು. ದೊಡ್ಡ ಬಾಲ್‌ಗೆ ಅವಳ ತೋರುಬೆರಳು ಸೀಮಿನ (ಬಾಲಿನ ಹೊಲಿಗೆಯ) ಮೇಲೆ ಪೂರ್ತಿ ಕೂರುತ್ತಲೇ ಇರಲಿಲ್ಲ. ಚಿಕ್ಕದಕ್ಕೆ ಸರಿಯಾಗಿ ಕೂತಿತು. "ಈಗ ತಿರುಗಿಸು" ಎಂದರು. ಬಾಲ್ ಕೈಯಿಂದ ಗಿರ್ರನೆ ತಿರುಗಿ ಮೇಲೆ ಹೋಯಿತು. ಮಗಳ ಮುಖ ಆಗ ನೋಡಬೇಕಿತ್ತು!

ಆ ಬಾಲ್ ಹಿಡಿದುಕೊಂಡೇ ಶ್ರೀ ಚರಣಿ ಸುದ್ದಿ ತೆಗೆದರು. ಆಂಧ್ರದ ಕಡಪ ಜಿಲ್ಲೆಯ ಹುಡುಗಿ, ಎಡಗೈ ಸ್ಪಿನ್. ಸ್ಮೃತಿ ಶತಕ ಹೊಡೆದ ಆ ಟ್ರೆಂಟ್ ಬ್ರಿಜ್ ಪಂದ್ಯವೇ ಅವಳ ಮೊದಲ ಟಿ20 ಅಂತರರಾಷ್ಟ್ರೀಯ ಪಂದ್ಯ, 12 ರನ್ ಕೊಟ್ಟು 4 ವಿಕೆಟ್. ಸರಣಿಯಲ್ಲಿ ಒಟ್ಟು 10, ಸರಣಿಯ ಆಟಗಾರ್ತಿ. ವಿಶ್ವಕಪ್‌ನಲ್ಲೂ 14 ವಿಕೆಟ್ ತೆಗೆದಳು. ಹೆಚ್ಚು ಜನ ಅವಳ ಹೆಸರು ಹೇಳುವುದಿಲ್ಲ, ನನ್ನ ಪಟ್ಟಿಯಲ್ಲಿ ಅವಳು ಜೆಮಿಮಾ ಆದ ಕೂಡಲೇ ಬರುತ್ತಾಳೆ. ಗಾಳಿಯಲ್ಲಿ ಬಾಲನ್ನು ನಿಧಾನಿಸುವ ಧೈರ್ಯ ಟಿ20ಯಲ್ಲಿ ಎಲ್ಲರಿಗೂ ಇರುವುದಿಲ್ಲ. ಇನ್ನು ದೀಪ್ತಿ ಶರ್ಮಾ ಬಗ್ಗೆ ಹೊಸದಾಗಿ ಏನು ಹೇಳುವುದು, ಆ ವಿಶ್ವಕಪ್‌ನಲ್ಲಿ 22 ವಿಕೆಟ್, 215 ರನ್, ಫೈನಲ್‌ನಲ್ಲಿ ಅರ್ಧಶತಕದ ಜೊತೆ 5 ವಿಕೆಟ್. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಬೇರೆ ಯಾರಾಗಲು ಸಾಧ್ಯ.

ಕರ್ನಾಟಕದವರು ಯಾರೂ ಇಲ್ಲವಾ ಎಂದು ನಾನು ಕೇಳಿದೆ. ಅವರಿಗೆ ಸ್ವಲ್ಪ ಕೋಪವೇ ಬಂತು. ಶಾಂತಾ ರಂಗಸ್ವಾಮಿಯಿಂದ ಶುರು ಮಾಡಿದರು. 1976ರಲ್ಲಿ ಭಾರತ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿ ಬೆಂಗಳೂರಿನ ಅವರೇ. 2017ರ ಏಕದಿನ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ ಗೆದ್ದು ಸೆಮಿಫೈನಲ್‌ಗೆ ಹೋದ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70, ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್‌ಗೆ 5 ವಿಕೆಟ್. ಈಗಿನವರಲ್ಲಿ ಶ್ರೇಯಾಂಕಾ ಪಾಟೀಲ್. 2024ರ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ತೆಗೆದು ಆರ್‌ಸಿಬಿಗೆ ಕಪ್ ತಂದವಳನ್ನು ಮರೆಯಲು ಆಗುತ್ತದಾ? ಗಂಡಸರ ಆಟಕ್ಕೆ ಬಂದರೆ ಮುಲ್ಕಿಯ ಬುಧಿ ಕುಂದರನ್ 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಹೊಡೆದ 192 ಇದೆ, ಸುರತ್ಕಲ್ ಎನ್‌ಐಟಿಕೆ ಕ್ಯಾಂಪಸ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಇದ್ದಾನೆ. "ಹುಡುಗರದ್ದು ಆಯ್ತು. ನಮ್ಮ ಕಡೆಯಿಂದ ಒಬ್ಬಳು ಹುಡುಗಿ ಹೋಗ್ಬೇಕು ಈಗ" ಎಂದು ಅವರು ಹೇಳಿದಾಗ ಮಗಳು ತಲೆ ತಗ್ಗಿಸಿ ಗೋಡೆಯ ಬ್ಯಾಟುಗಳನ್ನು ಮುಟ್ಟುತ್ತಿದ್ದಳು.

ಬೇರೆ ದೇಶದವರಲ್ಲಿ ಅವರು ಎದ್ದು ನಿಂತು ಮಾಡಿ ತೋರಿಸಿದ್ದು ಒಬ್ಬಳದ್ದೇ ಹೊಡೆತ, ದಕ್ಷಿಣ ಆಫ್ರಿಕಾದ ಲಾರಾ ವೂಲ್ವಾರ್ಟ್‌ಳ ಕವರ್ ಡ್ರೈವ್. ತಲೆ ಬಾಲಿನ ಮೇಲೆ, ಎಡ ಮೊಣಕೈ ಎತ್ತರಕ್ಕೆ, ಕೊನೆಯಲ್ಲಿ ಬ್ಯಾಟ್ ಭುಜದ ಮೇಲೆ ನಿಲ್ಲುವುದು. ಆ ಇಕ್ಕಟ್ಟಿನ ಅಂಗಡಿಯಲ್ಲಿ ಒಂದು ಟ್ರೋಫಿ ಬಿತ್ತು. ಅವರು ಹಾಗೇ ನಿಂತಿದ್ದರು. ಕಳೆದ ವಿಶ್ವಕಪ್‌ನಲ್ಲಿ ಅವಳದ್ದು 571 ರನ್, ಒಂದೇ ಟೂರ್ನಿಯಲ್ಲಿ ಅಷ್ಟು ಯಾರೂ ಹೊಡೆದಿರಲಿಲ್ಲ. ಸೆಮಿಫೈನಲ್‌ನಲ್ಲಿ 169, ಫೈನಲ್‌ನಲ್ಲಿ 101, ಆದರೂ ಕಪ್ ನಮಗೆ. ಅದಕ್ಕೆ ಮೊದಲು 2023, 2024ರ ಟಿ20 ವಿಶ್ವಕಪ್ ಫೈನಲ್‌ಗಳಲ್ಲೂ ಅವಳ ತಂಡ ಸೋತಿದೆ. ಮೆಡಿಕಲ್ ಓದಲು ಸೀಟು ಸಿಕ್ಕಿದ್ದರೂ ಕ್ರಿಕೆಟ್ ಆರಿಸಿಕೊಂಡವಳು. ಇಷ್ಟೊಂದು ಮೆಡಿಕಲ್ ಕಾಲೇಜು ಇರುವ ನಮ್ಮೂರಲ್ಲಿ ಈ ಮಾತು ಹೇಳಿದರೆ ಎಷ್ಟು ಅಪ್ಪ ಅಮ್ಮಂದಿರು ಹೌಹಾರುತ್ತಾರೋ! ನಮ್ಮ ಗುಂಪಿನಲ್ಲೇ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ ಎರಡೂ ಇವೆ, ಸುಲಭ ಇಲ್ಲ. ಇನ್ನೊಂದು ಗುಂಪಿನಲ್ಲಿ ನ್ಯೂಜಿಲೆಂಡಿನ ಅಮೇಲಿಯಾ ಕೆರ್ ಕೂಡ ಇದ್ದಾಳೆ, 2024ರ ಫೈನಲ್‌ನಲ್ಲಿ 43 ರನ್, 3 ವಿಕೆಟ್, ಇಡೀ ಟೂರ್ನಿಯಲ್ಲಿ 15 ವಿಕೆಟ್. ಲೆಗ್ ಸ್ಪಿನ್ ಕಲಿಯುವ ಮಕ್ಕಳು ಅವಳನ್ನು ನೋಡಲೇಬೇಕು.

ಈಗ ಬ್ಯಾಟಿನ ವಿಷಯಕ್ಕೆ ಬರುತ್ತೇನೆ. ಸೈಜ್ 6 ಸಾಕು ಎಂದರು. ನಾಲ್ಕು ಬ್ಯಾಟ್ ಇಳಿಸಿದರು, ಎರಡು ಕಾಶ್ಮೀರ್ ವಿಲ್ಲೋ, ಎರಡು ಇಂಗ್ಲಿಷ್ ವಿಲ್ಲೋ. ವಿಲ್ಲೋ ಎಂದರೆ ಬ್ಯಾಟ್ ಮಾಡುವ ಮರ. ಒಂದೊಂದನ್ನೂ ಮಗಳು ಮೇಲಿನ ಕೈಯೊಂದರಲ್ಲೇ ಹಿಡಿದು ಮುಂದಕ್ಕೆ ನೇರ ಚಾಚಿ ನಿಲ್ಲಬೇಕು, ಅವರು ಎಣಿಸುತ್ತಾರೆ. ಹತ್ತರ ಒಳಗೆ ಕೈ ನಡುಗಿದರೆ ಆ ಬ್ಯಾಟ್ ವಾಪಸ್ ಗೋಡೆಗೆ. ಮೊದಲನೆಯದು ಐದಕ್ಕೇ ನಡುಗಿತು. ಮೂರನೆಯದು ಹತ್ತು ದಾಟಿತು. ಆಮೇಲೆ ಅದರ ಮೇಲಿನ ಗೆರೆಗಳನ್ನು ಉಗುರಿನಿಂದ ಎಣಿಸಿ ತೋರಿಸಿದರು, ಏಳು ಗೆರೆ, ನೇರವಾಗಿ. ಬದಿಯಲ್ಲಿ ಒಂದು ಕಂದು ಮಚ್ಚೆ ಇತ್ತು. "ಇದಕ್ಕೇ ಬೆಲೆ ಕಡಿಮೆ. ಬಾಲಿಗೆ ಮಚ್ಚೆ ಕಾಣುದಿಲ್ಲ" ಎಂದರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಮೇಲೆ ಡಬ್ ಡಬ್ ಎಂದು ಸತ್ತ ಸದ್ದು, ಕೆಳಗೆ ಬರುತ್ತಾ ಬರುತ್ತಾ ಒಂದು ಕಡೆ ಸದ್ದು ತೆರೆದುಕೊಂಡಿತು, ಸುತ್ತಿಗೆ ತಾನಾಗಿ ಮೇಲೆ ಹಾರಿತು. ಅಲ್ಲಿ ಮಗಳ ಬೆರಳು ಇಡಿಸಿದರು. ಬಾಲ್ ಇಲ್ಲಿ ಸಿಗಬೇಕು ಅಂತ.

ಇಂಗ್ಲಿಷ್ ವಿಲ್ಲೋ, 1,020 ಗ್ರಾಂ, 5,800 ರೂಪಾಯಿ. ಇದು ಸಣ್ಣ ಮೊತ್ತ ಅಲ್ಲ. ಕಾಶ್ಮೀರ್ ವಿಲ್ಲೋ 1,900ಕ್ಕೆ ಇತ್ತು, ಬರೀ ಶುರು ಮಾಡುವ ಮಕ್ಕಳಿಗೆ ಅದೇ ಸಾಕು ಎಂದು ಅವರೇ ಎರಡು ಸಲ ಹೇಳಿದರು. ಆದರೆ ಅವರಲ್ಲಿದ್ದ ಕಾಶ್ಮೀರ್ ಎರಡೂ ಇವಳ ಕೈಗೆ ಭಾರ ಬಂತು. ಹಾಗಾಗಿ ಗಟ್ಟಿ ಮನಸ್ಸು ಮಾಡಿದೆ.

ಹೊಸ ಬ್ಯಾಟ್ ಹದ ಮಾಡುವುದನ್ನು ಅವರು ಮಾಡಿಕೊಡುತ್ತಾರೆ, 400 ರೂಪಾಯಿ. ಆದರೆ ಅರ್ಧ ಮಾತ್ರ. ಉಳಿದರ್ಧ ಮಕ್ಕಳೇ ಮಾಡಬೇಕು ಎಂಬುದು ಅವರ ನಿಯಮ. ಅಗಸೆ ಎಣ್ಣೆ ಒಂದು ಚಮಚದಷ್ಟು, ಬಟ್ಟೆಯಲ್ಲಿ ಅದ್ದಿ ಮುಖಕ್ಕೆ, ಅಂಚಿಗೆ, ತುದಿಗೆ ತೆಳ್ಳಗೆ ಸವರಬೇಕು. ಹಿಡಿಕೆ ಸೇರುವ ಜಾಗಕ್ಕೆ ತಾಗಿಸಬಾರದು, ಅಂಟು ಬಿಡುತ್ತದೆ. ರಾತ್ರಿಯಿಡೀ ಮಲಗಿಸಿಟ್ಟು ಮರುದಿನದಿಂದ ಮರದ ಸುತ್ತಿಗೆಯಲ್ಲಿ ತಟ್ಟುವುದು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಅಂಚನ್ನು ಓರೆಯಾಗಿ. ಒಟ್ಟು ಐದಾರು ಗಂಟೆ. ಮಗಳು ದಿನಾ ಸಂಜೆ ಅರ್ಧ ಗಂಟೆ ಮಹಡಿಯಲ್ಲಿ ಕೂತು ಟಕ್ ಟಕ್ ಮಾಡಿದಳು. ಅಲ್ಲಿಯವರೆಗೆ ಪಕ್ಕದ ಮನೆಯವರಿಗೆ ಇವಳು ಆಡುತ್ತಾಳೆ ಎಂದೇ ಗೊತ್ತಿರಲಿಲ್ಲ. ಈಗ ಮೆಟ್ಟಿಲಲ್ಲಿ ಸಿಕ್ಕಿದಾಗ "ಎಷ್ಟು ರನ್ ಇವತ್ತು?" ಎಂದು ಕೇಳುತ್ತಾರೆ.

ನಮ್ಮ ಕರಾವಳಿಯವರಿಗೆ ಅವರು ಹೇಳುವ ಒಂದು ಮಾತು ಮುಖ್ಯ. ಮಳೆಗಾಲದಲ್ಲಿ ಬ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ, ನೆಲಕ್ಕೆ ನಿಲ್ಲಿಸಿದರೆ ತುದಿ ನೀರು ಕುಡಿದು ಊದುತ್ತದೆ. ಹತ್ತಿ ಬಟ್ಟೆ ಸುತ್ತಿ ನೆಲದಿಂದ ಮೇಲೆ, ಗಾಳಿ ಆಡುವಲ್ಲಿ ಮಲಗಿಸಿಡಬೇಕು. ಒಲೆಯ ಹತ್ತಿರ ಒಣಗಿಸಲೇಬಾರದು. ತುದಿಗೆ ರಬ್ಬರ್ ಹಚ್ಚಿಸಿಕೊಳ್ಳಿ, 150 ರೂಪಾಯಿ. ನಮ್ಮ ಹಳೆಯ ಬ್ಯಾಟಿನ ಸೀಳಿಗೆ ಅಂಟು ಹಾಕಿ, ದಾರ ಸುತ್ತಿ ಚೆನ್ನಾಗಿಯೇ ಮಾಡಿಕೊಟ್ಟರು, ಅದೀಗ ಅವಳ ಅಣ್ಣನ ಕೈಯಲ್ಲಿದೆ.

ಕೊರತೆಗಳೂ ಇವೆ. ಹುಡುಗಿಯರ ಅಳತೆಯ ಗ್ಲೌಸ್, ತೊಡೆಯ ಪ್ಯಾಡ್ ಇಟ್ಟಿಲ್ಲ. ತರಿಸಿಕೊಡುತ್ತೇನೆ ಎಂದವರು ಹತ್ತು ದಿನ ಎಂದು ಹದಿನೆಂಟು ದಿನ ಮಾಡಿದರು. ಎರಡನೇ ಸಲ ಸುಮ್ನೆ ಹೋಗಿ ಬಂದ ಹಾಗಾಯಿತು. ಹೆಲ್ಮೆಟ್ ಇರುವುದು ಹುಡುಗರದ್ದು ಮಾತ್ರ, ಉದ್ದ ಜಡೆ ಇರುವ ಮಕ್ಕಳಿಗೆ ಹಿಂದಿನ ಪಟ್ಟಿ ಜಡೆಯ ಬುಡಕ್ಕೆ ಒತ್ತುತ್ತದೆ. ಮಗಳು ಈಗ ಜಡೆಯನ್ನು ಕೆಳಗೆ ಕಟ್ಟಿಕೊಂಡು ಸುಧಾರಿಸುತ್ತಿದ್ದಾಳೆ. ಎಡಗೈ ಆಟಗಾರ್ತಿಯರಿಗೆ ಗ್ಲೌಸ್ ಒಂದೇ ಜೊತೆ ಇತ್ತು. ಇದನ್ನೆಲ್ಲ ಅವರ ಹತ್ತಿರವೇ ಹೇಳಿದೆ. "ಕೇಳುವವರು ಬಂದ್ರೆ ಇಡ್ತೇನೆ" ಎಂದರು. ಹಾಗಾಗಿ ದಯವಿಟ್ಟು ಹೋಗಿ ಕೇಳಿ. ಕಾರು ನಿಲ್ಲಿಸಲು ಜಾಗ ಇಲ್ಲ, ಬಸ್ಸಿನಲ್ಲಿ ಹೋಗುವುದೇ ವಾಸಿ.

ಹೊಸ ಬ್ಯಾಟ್ ಬಂದು ಆರು ವಾರ ಆಯಿತು. ಕಳೆದ ಶನಿವಾರ ನೆಟ್ಸ್‌ನಲ್ಲಿ ಆಫ್ ಸ್ಟಂಪ್ ಹೊರಗಿನ ಒಂದು ಬಾಲ್‌ಗೆ ಅವಳು ಕಾದಳು, ಇನ್ನೂ ಕಾದಳು, ಆಮೇಲೆ ಮಣಿಕಟ್ಟು ಮಾತ್ರ ತಿರುಗಿಸಿ ಥರ್ಡ್ ಮ್ಯಾನ್ ಕಡೆಗೆ ಕಳಿಸಿದಳು. ಬೌಲಿಂಗ್ ಮಾತ್ರ ಮಾಡ್ತೇನೆ ಎಂದವಳು.

ಜೂನ್ 14, ಭಾನುವಾರ, ಬರ್ಮಿಂಗ್‌ಹ್ಯಾಮ್‌ನ ಎಡ್ಜ್‌ಬಾಸ್ಟನ್‌ನಲ್ಲಿ ಭಾರತ–ಪಾಕಿಸ್ತಾನ. ಫೈನಲ್ ಜುಲೈ 5ಕ್ಕೆ ಲಾರ್ಡ್ಸ್‌ನಲ್ಲಿ, ಅದೂ ಭಾನುವಾರ. ಇಂಗ್ಲೆಂಡ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಲ್ಲಿ ಮಧ್ಯಾಹ್ನ ಎರಡೂವರೆ ಎಂದರೆ ಇಲ್ಲಿ ಸಂಜೆ ಏಳು. ಹೊರಗೆ ಧೋ ಎಂದು ಮಳೆ ಸುರಿಯುವ ಹೊತ್ತು, ಮಕ್ಕಳಿಗೆ ಮೈದಾನವಂತೂ ಇಲ್ಲ. ಟಿವಿ ಎದುರು ಕೂರಿಸಿ, ಬ್ಯಾಟ್ ಕೈಯಲ್ಲೇ ಇರಲಿ. ಅಷ್ಟರೊಳಗೆ ಅಂಗಡಿಗೆ ಹೋಗುವವರಿದ್ದರೆ ಬೆಳಿಗ್ಗೆ ಹತ್ತರ ನಂತರ ಹೋಗಿ, ಭಾನುವಾರ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತಾರೆ. ಮಗುವನ್ನು ಕರೆದುಕೊಂಡೇ ಹೋಗಬೇಕು, ಇಲ್ಲದಿದ್ದರೆ ಅವರು ಬ್ಯಾಟ್ ಕೊಡುವುದಿಲ್ಲ.